ಶುಂಠಿ ಸೋಡಾ: ಈ ಸಲ ಬಾಟಲಿಗಳ ಸರದಿ

ಮನೆಯಲ್ಲೇ ಹುದುಗಿಸುವ ಶುಂಠಿ ಸೋಡಾದ ರುಚಿ ಒಂದು ಹದಕ್ಕೆ ಬಂದಿದೆ. ಸಿಪ್ಪೆ ಸಮೇತ ತುರಿದ ಶುಂಠಿಗೆ ಸಕ್ಕರೆ ಬೆರೆಸಿಟ್ಟ ಹೆಪ್ಪು ಜಾಡಿಯಲ್ಲಿ ಚೆನ್ನಾಗಿ ನೊರೆಯಾಡುತ್ತಿದೆ. ನಿಂಬೆ ಎಷ್ಟು ಹಿಂಡಬೇಕೆಂಬುದೂ ತೀರ್ಮಾನವಾಗಿದೆ. ಉಳಿದಿರುವುದು ಬಾಟಲಿ. ಇಡೀ ಕೆಲಸದಲ್ಲಿ ಕೈಗೋ ಕಣ್ಣಿಗೋ ಪೆಟ್ಟಾಗುವ ಭಾಗವೆಂದರೆ ಇದೇ, ಹಾಗಾಗಿ ಈ ಕಂತು ಪೂರ್ತಿ ಅದಕ್ಕೇ ಮೀಸಲು.

ಬಿಯರನ್ನೇ ಮಾಡಬಾರದೇಕೆ ಎಂದು ಕೇಳುವ ಗೆಳೆಯರಿದ್ದಾರೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ, ಮಾತು ಅಲ್ಲಿಗೆ ಮುಗಿಯಿತು. ಆದರೆ ಮನೆಯಲ್ಲಿ ಬಿಯರ್ ಮಾಡಲು ಅನುಮತಿಯಿರುವ ದೇಶಗಳವರು ಬಾಟಲಿಯ ಬಗ್ಗೆ ಕಲಿತ ಪಾಠಗಳನ್ನು ಧಾರಾಳವಾಗಿ ಎರವಲು ಪಡೆಯಬಹುದು. ವ್ಯತ್ಯಾಸ ಇರುವುದು ಸಕ್ಕರೆಯ ಲೆಕ್ಕದಲ್ಲಿ. ಬಿಯರ್ ಪೂರ್ತಿ ಹುದುಗಿದ ಮೇಲೆ ಲೀಟರಿಗೆ 6 ಗ್ರಾಂ ಆಸುಪಾಸು ಸಕ್ಕರೆ ಹಾಕಿ ಮುಚ್ಚುತ್ತಾರೆ. ಅಷ್ಟೂ ಹುದುಗಿ ಮುಗಿದರೆ ಅನಿಲ ಹುಟ್ಟುವುದೂ ನಿಲ್ಲುತ್ತದೆ, ಬಿಯರ್‌ನಲ್ಲಿ ಮೊದಲೇ ಉಳಿದಿದ್ದದ್ದೂ ಸೇರಿ ಒಟ್ಟು ಅನಿಲ ದ್ರವದ ಗಾತ್ರದ ಎರಡೂವರೆ ಪಟ್ಟಿನ ಹತ್ತಿರ ನಿಲ್ಲುತ್ತದೆ. ನಮ್ಮ ಸೋಡಾದಲ್ಲಿ ಲೀಟರಿಗೆ 80 ಗ್ರಾಂ ಸಕ್ಕರೆ ಹಾಗೆಯೇ ಇರುತ್ತದೆ, ಹೆಪ್ಪು ಅದನ್ನು ಅನಿಲವಾಗಿಸುತ್ತಲೇ ಹೋಗುತ್ತದೆ. 4 ಗ್ರಾಂ ಸಕ್ಕರೆಗೆ ಒಂದು ಪಟ್ಟು ಅನಿಲವೆಂದು ಹಿಡಿದರೂ 20 ಪಟ್ಟು! ಅದನ್ನು ತಡೆಯುವ ಗಾಜಿಲ್ಲ. ಸಮಯ ನೋಡಿ ಫ್ರಿಜ್‌ಗೆ ಸೇರಿಸುವುದೊಂದೇ ಕಡಿವಾಣ. ತಡವಾದರೆ ಮದ್ಯಾಂಶವೂ ಏರುತ್ತದೆ.

ಇಷ್ಟು ತಿಳಿದ ಮೇಲೆ ತುಮಕೂರಿನ ಶಿರಾ ಗೇಟ್ ಕಡೆಯ ಗುಜರಿ ಅಂಗಡಿಗೆ ಹೋದೆ. 650 ಮಿ.ಲೀ. ಬಿಯರ್ ಬಾಟಲಿಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು ನೋಡುತ್ತಿದ್ದ ನನ್ನನ್ನು ಅಂಗಡಿಯವರು ಸ್ವಲ್ಪ ಹೊತ್ತು ಸಹಿಸಿಕೊಂಡರು. ಆಮೇಲೆ, "ಸಾರ್, ಎಲ್ಲರೂ ಕದ್ದುಮುಚ್ಚಿ ತಂದು ಹಾಕಿ ಹೋಗುತ್ತಾರೆ, ನೀವು ಹಗಲಲ್ಲೇ ಆರಿಸಿಕೊಂಡು ಹೋಗುತ್ತಿದ್ದೀರಿ" ಎಂದರು.

ಆರಿಸುವಾಗ ನಾನು ಮೊದಲು ನೋಡುವುದು ಬಾಯಿ. ಹೆಬ್ಬೆರಳಿನ ಉಗುರನ್ನು ಅಂಚಿನ ಸುತ್ತ ನಿಧಾನವಾಗಿ ಎಳೆಯಬೇಕು. ಓಪನರ್ ಸಿಗದೆ ಇನ್ನೊಂದು ಬಾಟಲಿಯಿಂದ ಮೀಟಿ ತೆರೆದದ್ದಾದರೆ ಉಗುರು ಎಲ್ಲೋ ಒಂದೆಡೆ ತಡೆಯುತ್ತದೆ. ಕಣ್ಣಿಗೆ ಕಾಣದ ಆ ಚೂರು ಏಟಿನಿಂದ ಅನಿಲ ಸೋರುತ್ತದೆ. ಎರಡನೆಯದು ಭುಜ ಮತ್ತು ತಳದ ಬಿಳಿ ಪಟ್ಟೆ. ಕಾರ್ಖಾನೆಗೆ ಮರಳಿ ಹೋಗಿ ಬರುವ ಬಾಟಲಿಗಳು ಒಂದಕ್ಕೊಂದು ಉಜ್ಜಿ ಆ ಜಾಗದಲ್ಲಿ ಮಸುಕಾಗುತ್ತವೆ. ತೆಳುವಾದ ಪಟ್ಟೆಯಾದರೆ ಒಪ್ಪುತ್ತೇನೆ. ಬೆರಳಿಗೆ ತರಿತರಿಯಾಗಿ ಸಿಗುವಷ್ಟು ಸವೆದಿದ್ದರೆ ಬೇಡ, ಒತ್ತಡ ಬಿದ್ದಾಗ ಗಾಜು ಸೀಳುವುದು ಗೀರಿನಿಂದಲೇ. ಮೂರನೆಯದು ವಾಸನೆ. ನಮ್ಮಲ್ಲಿ ಖಾಲಿ ಬಾಟಲಿಗೆ ಫಿನಾಯಿಲ್, ಸೀಮೆಎಣ್ಣೆ, ಆಸಿಡ್ ಏನು ಬೇಕಾದರೂ ತುಂಬುತ್ತಾರೆ. ಮೂಗಿಗೆ ಒಂದಿಷ್ಟು ಅನುಮಾನ ಬಂದರೂ ವಾಪಸ್.

ಬಣ್ಣದ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಬಿಯರ್‌ಗೆ ಕಂದು ಗಾಜು ಬೇಕಾಗುವುದು ಅದರಲ್ಲಿರುವ ಹಾಪ್ಸ್ ಎಂಬ ಹೂವಿನ ಕಹಿ ಅಂಶ ಬೆಳಕಿಗೆ ಕೆಟ್ಟು ದುರ್ವಾಸನೆ ಬರುತ್ತದೆಂದು. ಶುಂಠಿಗೆ ಆ ಕಾಟವಿಲ್ಲ, ಹಸಿರಾದರೂ ನಡೆಯುತ್ತದೆ.

ರಮ್, ವಿಸ್ಕಿ, ಸ್ಕ್ವಾಷ್ ಬಾಟಲಿಗಳು ಎಷ್ಟೇ ಚೆಂದವಾಗಿದ್ದರೂ ಒತ್ತಡಕ್ಕೆಂದು ಮಾಡಿದವಲ್ಲ. ತಂತಿ ಬಿರಡೆಯ ಚೌಕ ಬಾಟಲಿಗಳಂತೂ ಷೋಕೇಸಿಗೇ ಸರಿ; ಒತ್ತಡ ಮೂಲೆಗಳಲ್ಲಿ ಹೋಗಿ ಕೂರುತ್ತದೆ. ಗೋಲಿ ಸೋಡಾ ಬಾಟಲಿಯ ಮೇಲೆ ನನಗೆ ಬಹಳ ಆಸೆಯಿತ್ತು. 1872ರಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಪೇಟೆಂಟ್ ಪಡೆದ ವಿನ್ಯಾಸ ಇಂದಿಗೂ ನಮ್ಮ ಗಾಡಿಗಳ ಮೇಲೆ ಕೂತಿದೆಯೆಂದರೆ ಸುಮ್ಮನೆಯೇ? ಆದರೆ ಗೋಲಿಯನ್ನು ಮೇಲಕ್ಕೆ ಒತ್ತಿ ಹಿಡಿಯುವುದು ಒಳಗಿನ ಅನಿಲ. ತುಂಬಿದ ಗಳಿಗೆಯಲ್ಲಿ ನಮ್ಮ ಸೋಡಾದಲ್ಲಿ ಅನಿಲವೇ ಇರುವುದಿಲ್ಲ. ಗೋಲಿ ದಾಟಿ ಬ್ರಷ್ ಕೂಡ ಒಳಗೆ ಹೋಗುವುದಿಲ್ಲ. ಆಸೆ ಬಿಟ್ಟೆ.

ತೊಳೆಯುವುದು ಬೇಸರದ ಕೆಲಸ. ನಮ್ಮ ಬೋರ್‌ವೆಲ್ ನೀರು ಗಡಸು. ಅದಕ್ಕೆ ವಾಷಿಂಗ್ ಸೋಡಾ ಹಾಕಿದರೆ ಸುಣ್ಣದ ಪುಡಿ ಬಿಳಿಯಾಗಿ ಗಾಜಿಗೆ ಮೆತ್ತಿಕೊಳ್ಳುತ್ತದೆ. ಬುಗುಡನಹಳ್ಳಿ ಕೆರೆಯ ಹೇಮಾವತಿ ನೀರು ನಲ್ಲಿಗೆ ಬಂದ ದಿನವೇ ಈ ಕೆಲಸಕ್ಕೆ ಕೂರುವುದು ವಾಸಿ. ಪ್ಲಾಸ್ಟಿಕ್ ಬಕೆಟ್ಟಿನ ಬಿಸಿನೀರಿಗೆ ಒಂದು ಹಿಡಿ ವಾಷಿಂಗ್ ಸೋಡಾ ಹಾಕಿ ರಾತ್ರಿಯೆಲ್ಲ ನೆನೆಸಿದರೆ ಬೆಳಿಗ್ಗೆ ಹೆಚ್ಚಿನ ಲೇಬಲ್‌ಗಳು ತಾವೇ ತೇಲುತ್ತಿರುತ್ತವೆ. ಅಲ್ಯೂಮಿನಿಯಂ ಪಾತ್ರೆ ಬಳಸಬೇಡಿ, ಸೋಡಾ ಅದನ್ನು ತಿನ್ನುತ್ತದೆ. ಬಿಳಿ ಮೆತ್ತಿದ್ದರೆ ವಿನೆಗರ್ ಹಾಕಿ ಕುಲುಕಿದರೆ ಹೋಗುತ್ತದೆ. ಕೊನೆಗೆ ಹಂಡೆಯ ತಳಕ್ಕೆ ಬಟ್ಟೆ ಹಾಸಿ, ಬಾಟಲಿಗಳನ್ನು ತಣ್ಣೀರಿನಲ್ಲಿ ಮುಳುಗಿಸಿ ಒಟ್ಟಿಗೇ ಕಾಯಿಸುತ್ತೇನೆ, ಅದರಲ್ಲೇ ಆರಲು ಬಿಡುತ್ತೇನೆ. ತಣ್ಣನೆಯ ಗಾಜಿಗೆ ಕುದಿನೀರು ಸುರಿದರೆ ಬಿರುಕು ಖಾತ್ರಿ.

ಹಿತ್ತಿಲ ಕಟ್ಟೆಯ ಮೇಲೆ ಬೋರಲು ಹಾಕಿದ ಸಾಲು ಕಂಡು ಅಮ್ಮ ಹೌಹಾರಿದರು. "ಪಕ್ಕದ ಮನೆಯವರು ನೋಡಿದರೆ ಏನೆಂದುಕೊಳ್ಳುತ್ತಾರೋ, ಮೇಲೊಂದು ಪಂಚೆಯಾದರೂ ಹೊದಿಸೋ" ಎಂದರು. ಹೊದಿಸಿದೆ. ಧೂಳೂ ಬೀಳಲಿಲ್ಲ.

ಮುಚ್ಚಳಗಳು 26 ಮಿ.ಮೀ. ಅಳತೆಯ, 21 ಹಲ್ಲಿನ, ಕ್ರೌನ್ ಎಂಬ ತಗಡಿನ ಮುಚ್ಚಳಗಳು. ಬಾಟಲಿ ಎಷ್ಟು ಸಲ ತಿರುಗಿದರೂ ಮುಚ್ಚಳ ಮಾತ್ರ ಪ್ರತಿಸಲ ಹೊಸದು. ಕೈಯಿಂದ ಒತ್ತುವ ಯಂತ್ರ ಬಾಟಲಿಯ ಕೊರಳಿನ ಉಬ್ಬನ್ನು ಕಚ್ಚಿ ಹಿಡಿಯುತ್ತದೆ. ಉಬ್ಬು ಚಿಕ್ಕದಿದ್ದರೆ ಜಾರುತ್ತದೆ. ತಿರುಗಿಸಿ ತೆರೆಯುವ ಪಿಂಟ್ ಬಾಟಲಿಗಳನ್ನು ಅದಕ್ಕೇ ಪಕ್ಕಕ್ಕಿಟ್ಟೆ, ಅವುಗಳ ಬಾಯಿಯ ತಿರುಪಿನ ಗೆರೆಗಳ ಮೇಲೆ ಮುಚ್ಚಳ ಬಿಗಿಯಾಗಿ ಕೂರುವುದೇ ಇಲ್ಲ.

ಪ್ರತಿ ಸರದಿಯಲ್ಲೂ ಒಂದು ಪ್ಲಾಸ್ಟಿಕ್ ಸೋಡಾ ಬಾಟಲಿ ಕಡ್ಡಾಯ. ಕುಡಿಯುವ ನೀರಿನ ಬಾಟಲಿಯಲ್ಲ; ತಳ ಹೂವಿನ ಐದು ಎಸಳಿನಂತೆ ಉಬ್ಬಿರುತ್ತದಲ್ಲ, ಅದು. ಗಾಜಿನೊಳಗೆ ಏನಾಗುತ್ತಿದೆಯೆಂದು ಹೊರಗಿನಿಂದ ತಿಳಿಯದು, ಇದನ್ನು ಹಿಸುಕಿದರೆ ತಿಳಿಯುತ್ತದೆ. ಹೆಬ್ಬೆರಳಿಗೆ ಬಗ್ಗದಷ್ಟು ಗಟ್ಟಿಯಾಯಿತೋ, ಎಲ್ಲವೂ ಫ್ರಿಜ್‌ಗೆ. ಏಪ್ರಿಲ್ ಬಿಸಿಲಿನಲ್ಲಿ ಬೆಳಿಗ್ಗೆಯೊಮ್ಮೆ, ಸಂಜೆಯೊಮ್ಮೆ ಹಿಸುಕಲೇಬೇಕು.

ಸದ್ಯ ತುಂಬಿದ ಬಾಟಲಿಗಳು, ಕತ್ತಿನಲ್ಲಿ ಎರಡು ಬೆರಳಷ್ಟು ಜಾಗ ಬಿಟ್ಟುಕೊಂಡು, ಹಳೆಯ ಕಬ್ಬಿಣದ ಟ್ರಂಕಿನೊಳಗೆ ಕೂತಿವೆ. ಮುಚ್ಚಳದ ಮೇಲೆ ತುಂಬಿದ ದಿನಾಂಕ ಬರೆದಿದ್ದೇನೆ. ಪ್ಲಾಸ್ಟಿಕ್ ಬಾಟಲಿ ಇಂದು ಬೆಳಿಗ್ಗೆ ಇನ್ನೂ ಸ್ವಲ್ಪ ಬಗ್ಗುತ್ತಿತ್ತು. ಸಂಜೆಯ ಹೊತ್ತಿಗೆ ಗಟ್ಟಿಯಾಗಬಹುದು, ಫ್ರಿಜ್‌ನ ಕೆಳಗಿನ ತಟ್ಟೆ ಖಾಲಿ ಮಾಡಿಸಿದ್ದೇನೆ.