ಲೆ ಮಾನ್ 24 ಗಂಟೆ ರೇಸ್‌ಗೆ ಹೋಗುವವರಿಗೆ: ಬಸ್ ಬೇಡ, ರೇಡಿಯೊ ಬೇಕು

ಪ್ಯಾರಿಸ್‌ನಿಂದ ಲೆ ಮಾನ್‌ಗೆ, ಅಂದರೆ ಇಪ್ಪತ್ತನಾಲ್ಕು ಗಂಟೆಯ ಕಾರ್ ರೇಸ್ ನಡೆಯುವ ಫ್ರಾನ್ಸಿನ ಊರಿಗೆ, ಬಸ್ ಪ್ಯಾಕೇಜ್ ಮಾತ್ರ ತಗೋಬೇಡಿ. ಉಳಿದದ್ದು ಆಮೇಲೆ ಓದಿದರೂ ಪರವಾಗಿಲ್ಲ, ಇದೊಂದು ನೆನಪಿರಲಿ.

2024ರ ರೇಸ್‌ಗೆ ನಾವು ಕೊಂಡಿದ್ದು ಹೋಗಿಬರುವ ಬಸ್ಸು ಮತ್ತು ರೇಸ್ ಟಿಕೆಟ್ ಎರಡೂ ಸೇರಿದ ಪ್ಯಾಕೇಜ್. ರಾತ್ರಿ ಸುಸ್ತಾದರೆ ಬಸ್ಸಿಗೆ ಬಂದು ಸೀಟಿನಲ್ಲೇ ಮಲಗಬಹುದು ಎಂದು ಮಾರುವವರು ಬರೆದುಕೊಟ್ಟಿದ್ದರು. ಆ ಸಾಲು ನೋಡಿಯೇ ನಾವು ದುಡ್ಡು ಕೊಟ್ಟಿದ್ದು. ಬಸ್ಸು ಪ್ಯಾರಿಸ್ ಬಿಟ್ಟಿದ್ದೇ ತಡವಾಗಿ. ಲೆ ಮಾನ್ ಹತ್ತಿರ ಬರುತ್ತಿದ್ದಂತೆ ಹೆದ್ದಾರಿಯಲ್ಲಿ ವಾಹನಗಳು ಸಾಲುಗಟ್ಟಿ ನಿಂತಿದ್ದವು. ಬೆಳಿಗ್ಗೆ ಹನ್ನೊಂದಕ್ಕೆ ತಲುಪಬೇಕಾದವರು ತಲುಪಿದ್ದು ಮಧ್ಯಾಹ್ನ ಎರಡೂವರೆಗೆ. ಪಾರ್ಕಿಂಗ್ ಜಾಗದಿಂದ ಗೇಟಿನವರೆಗೆ ಬಿರಬಿರನೆ ನಡೆದರೂ ಮುಕ್ಕಾಲು ಗಂಟೆ. ರೇಸ್ ಶುರುವಾಗುವುದು ನಾಲ್ಕಕ್ಕೆ. ಫುಟ್‌ಬಾಲ್ ತಾರೆ ಝಿನೆಡಿನ್ ಝಿಡಾನ್ ಬಾವುಟ ಬೀಸಿದಾಗ ನಾನು ಯಾರದೋ ಬೆನ್ನಿನ ಹಿಂದೆ ಇದ್ದೆ. ಶಬ್ದ ಮಾತ್ರ ಕೇಳಿಸಿತು.

ಅಷ್ಟಕ್ಕೇ ಮುಗಿದಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ರಾತ್ರಿ ಮಳೆ ಹಿಡಿಯಿತು. ಒಂದು ಗಂಟೆಯ ಹೊತ್ತಿಗೆ ನೆನೆದುಕೊಂಡು ಬಸ್ಸಿಗೆ ಬಂದರೆ ಬಾಗಿಲಿಗೆ ಬೀಗ. ಒಳಗೆ ಯಾರೂ ಇಲ್ಲ. ಯುರೋಪಿನಲ್ಲಿ ಬಸ್ ಚಾಲಕರ ವಿಶ್ರಾಂತಿಗೆ ಕಟ್ಟುನಿಟ್ಟಾದ ಕಾನೂನಿದೆ. ದಿನದಲ್ಲಿ ಇಷ್ಟು ಗಂಟೆ ಅಂತ ಬಿಡುವು ತೆಗೆದುಕೊಳ್ಳಲೇಬೇಕು, ಅದು ಗಾಡಿಯಲ್ಲಿರುವ ಯಂತ್ರದಲ್ಲಿ ದಾಖಲಾಗುತ್ತದೆ. ಚಾಲಕ ಬೀಗ ಹಾಕಿ ಮಲಗಲು ಹೋಗಿದ್ದ. ಅವನು ಮಾಡಿದ್ದು ಸರಿಯೇ. ಆದರೆ ಈ ಕಾನೂನು ಪ್ಯಾಕೇಜ್ ಮಾರಿದವರಿಗೆ ಗೊತ್ತಿರಲಿಲ್ಲವಾ? ಗೊತ್ತಿದ್ದೇ ಮಾರಿದ್ದಾರೆ. ವಯಸ್ಸಾದ ದಂಪತಿಯೊಬ್ಬರು ಬಸ್ಸಿನ ಪಕ್ಕದಲ್ಲೇ ಪ್ಲಾಸ್ಟಿಕ್ ಹಾಳೆ ಹೊದ್ದು ಬೆಳಗಿನವರೆಗೆ ಕೂತಿದ್ದರು. ಹಣ ವಾಪಸ್ ಕೇಳಿ ಮೇಲ್ ಬರೆದೆ. ಉತ್ತರ ಬಂತು, ದುಡ್ಡು ಬರಲಿಲ್ಲ.

ರೈಲಿನಲ್ಲಿ ಹೋಗಿ. ಪ್ಯಾರಿಸ್‌ನ ಮಾಂಪಾರ್ನಾಸ್ ನಿಲ್ದಾಣದಿಂದ ಟಿಜಿವಿ ಎಂಬ ವೇಗದ ರೈಲು ಹತ್ತಿದರೆ ಸುಮಾರು ಒಂದು ಗಂಟೆ. ಲೆ ಮಾನ್ ನಿಲ್ದಾಣದ ಎದುರಿನಿಂದಲೇ ಟ್ರಾಮ್ ಇದೆ. ಒಂದನೇ ಲೈನಿನ ಕೊನೆಯ ನಿಲ್ದಾಣ ಆಂತಾರೆಸ್‌ನಲ್ಲಿ ಇಳಿದರೆ ಸರ್ಕ್ಯೂಟ್ ಪಕ್ಕದಲ್ಲೇ ಇರುತ್ತೀರಿ. ರೇಸ್ ವಾರದಲ್ಲಿ ಟ್ರಾಮ್ ತುಂಬಿ ತುಳುಕುತ್ತದೆ. ನನಗೆ ಜನಜಂಗುಳಿ ಕಷ್ಟವಲ್ಲ, ಆದ್ದರಿಂದ ಟ್ರಾಮ್ ಚೆನ್ನಾಗಿದೆ ಎನ್ನುತ್ತಿದ್ದೇನೆ. ಉಸಿರುಗಟ್ಟಿದಂತಾಗುವವರು ಬೆಳಿಗ್ಗೆ ಬೇಗ ಹೊರಡಿ.

ರೂಮಿನ ಬಗ್ಗೆ ಒಂದೇ ಮಾತು. ಊರೊಳಗೆ ಆ ವಾರ ಸಿಗುವ ರೂಮುಗಳ ಬೆಲೆಗೆ ಲೆಕ್ಕವೇ ಇಲ್ಲ. ಟೆಂಟ್ ಹಾಕಲು ತಯಾರಿದ್ದರೆ ಟಿಕೆಟ್ ಜೊತೆಗೇ ಕ್ಯಾಂಪಿಂಗ್ ಜಾಗವನ್ನೂ ಕಾದಿರಿಸಿ. ಟೆಂಟ್ ಆಗದಿದ್ದರೆ ಆಂಜೆ ಅಥವಾ ಟೂರ್ ಊರಿನಲ್ಲಿ ಉಳಿದು ರೈಲಿನಲ್ಲಿ ಬನ್ನಿ. 2023ರಿಂದ ಮೂರು ಲಕ್ಷಕ್ಕಿಂತ ಜಾಸ್ತಿ ಜನ ಬರುತ್ತಿದ್ದಾರೆ. 2024ರಲ್ಲಿ 3,29,000 ಎಂದು ಸಂಘಟಕರೇ ಹೇಳಿದರು. ರೇಸ್ ಜೂನ್‌ನಲ್ಲಿ, ಆದರೆ ಟಿಕೆಟ್ ಹಿಂದಿನ ವರ್ಷವೇ ಮಾರಾಟಕ್ಕೆ ಬರುತ್ತದೆ. ಷೆಂಗೆನ್ ವೀಸಾಗೆ ಆರು ತಿಂಗಳು ಮುಂಚೆ ಅರ್ಜಿ ಹಾಕಬಹುದು. ಮೇ ತಿಂಗಳ ರಜೆಯ ನೂಕುನುಗ್ಗಲಿಗೆ ಸಿಕ್ಕಿಕೊಳ್ಳಬೇಡಿ, ಜನವರಿಯಲ್ಲೇ ಮುಗಿಸಿ.

ಈಗ ಈ ರೇಸಿನ ರಾಜಕೀಯ. ಇದನ್ನು ತಿಳಿಯದೆ ಹೋದರೆ ಅರ್ಧ ರೇಸ್ ನಿಮ್ಮ ಕಣ್ಣೆದುರೇ ನಡೆದರೂ ಕಾಣುವುದಿಲ್ಲ.

ಮೇಲಿನ ವರ್ಗದ ಹೆಸರು ಹೈಪರ್‌ಕಾರ್. 2024ರಲ್ಲಿ ಈ ವರ್ಗದಲ್ಲೇ 23 ಕಾರುಗಳಿದ್ದವು. ಫೆರಾರಿ, ಟೊಯೊಟಾ, ಪೋರ್ಷೆ, ಕ್ಯಾಡಿಲಾಕ್, ಬಿಎಂಡಬ್ಲ್ಯು, ಪೂಜೋ, ಆಲ್ಪೀನ್, ಲ್ಯಾಂಬೊರ್ಗಿನಿ ಎಲ್ಲವೂ ಇದ್ದವು. ಇವು ಎರಡು ಬೇರೆ ಬೇರೆ ನಿಯಮಗಳ ಪ್ರಕಾರ ತಯಾರಾದ ಕಾರುಗಳು. ಕೆಲವು ಕಂಪನಿಗಳು ಇಡೀ ಕಾರನ್ನು ತಾವೇ ಮಾಡುತ್ತವೆ. ಕೆಲವು ಬೇರೆಯವರ ಚಾಸಿಸ್ ಕೊಂಡು, ಎಲ್ಲರಿಗೂ ಒಂದೇ ಆದ ಹೈಬ್ರಿಡ್ ಭಾಗ ಹಾಕಿಕೊಳ್ಳುತ್ತವೆ. ಖರ್ಚು ಕಡಿಮೆ. ಹಾಗಾದರೆ ಇವೆರಡೂ ಸರಿಸಮ ಓಡುವುದು ಹೇಗೆ? ಅದಕ್ಕೇ ‘ಬ್ಯಾಲೆನ್ಸ್ ಆಫ್ ಪರ್ಫಾರ್ಮೆನ್ಸ್’ ಎಂಬ ವ್ಯವಸ್ಥೆ. ಎಲ್ಲರೂ ಬಿಒಪಿ ಅನ್ನುತ್ತಾರೆ. ವೇಗದ ಕಾರಿಗೆ ತೂಕ ಹೇರುತ್ತಾರೆ, ಇಲ್ಲವೇ ಎಂಜಿನ್ ಶಕ್ತಿ ಇಳಿಸುತ್ತಾರೆ. ಇದನ್ನು ನಿರ್ಧರಿಸುವವರು ಇಬ್ಬರು. ಜಾಗತಿಕ ಸಂಸ್ಥೆಯಾದ ಎಫ್‌ಐಎ, ಮತ್ತು 1923ರಿಂದ ಲೆ ಮಾನ್ ರೇಸ್ ನಡೆಸುತ್ತಿರುವ ಪಶ್ಚಿಮ ಫ್ರಾನ್ಸಿನ ಆಟೊಮೊಬೈಲ್ ಕ್ಲಬ್ ಎಸಿಒ.

2023 ರೇಸಿನ ನೂರನೇ ವರ್ಷ. ಆ ಸಲ ರೇಸ್‌ಗೆ ಸ್ವಲ್ಪವೇ ಮುಂಚೆ ಟೊಯೊಟಾಗೆ 37 ಕೆ.ಜಿ., ಫೆರಾರಿಗೆ 24 ಕೆ.ಜಿ., ಕ್ಯಾಡಿಲಾಕ್‌ಗೆ 11, ಪೋರ್ಷೆಗೆ 3 ಕೆ.ಜಿ. ಹೆಚ್ಚಿಸಿದರು. ಲೆ ಮಾನ್‌ಗೆ ಮೊದಲು ಹೀಗೆ ಬದಲಾಯಿಸುವುದಿಲ್ಲ ಎಂದು ಎಲ್ಲರೂ ನಂಬಿದ್ದರು. 2018ರಿಂದ ಐದು ವರ್ಷ ಸತತ ಗೆದ್ದಿದ್ದ ಟೊಯೊಟಾ ಸೋತಿತು. ಐವತ್ತು ವರ್ಷಗಳ ಮೇಲೆ ಮೇಲಿನ ವರ್ಗಕ್ಕೆ ಮರಳಿದ ಫೆರಾರಿ ಗೆದ್ದಿತು. 2024ರಲ್ಲೂ ಗೆದ್ದಿತು, 2025ರಲ್ಲೂ. ಫೆರಾರಿ ಕಾರು ನಿಜಕ್ಕೂ ಒಳ್ಳೆಯ ಕಾರು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ನನ್ನ ತಕರಾರು ಬೇರೆ. ಬಿಒಪಿ ಬಗ್ಗೆ ತಂಡಗಳಾಗಲಿ ಚಾಲಕರಾಗಲಿ ಬಹಿರಂಗವಾಗಿ ಮಾತಾಡುವ ಹಾಗೇ ಇಲ್ಲ, ನಿಯಮದಲ್ಲೇ ನಿಷೇಧವಿದೆ. ಯಾರ ತೂಕ ಎಷ್ಟು ಎಂಬ ಪಟ್ಟಿ ಬಂದರೂ ಆ ಅಂಕಿಗೆ ಹೇಗೆ ತಲುಪಿದರು ಎಂಬುದನ್ನು ಸೋತವರು ಮೈಕಿನ ಮುಂದೆ ಕೇಳುವಂತಿಲ್ಲ. ಇಷ್ಟು ದೂರದಿಂದ ದುಡ್ಡು ಕೂಡಿಸಿಕೊಂಡು ಬಂದ ಪ್ರೇಕ್ಷಕನಿಗೆ ಇದು ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಇಷ್ಟೊಂದು ಕಂಪನಿಗಳು ಬಂದಿರುವುದೇ ಬಿಒಪಿಯಿಂದ, ಅದು ಬೇಕು. ಬಾಯಿಗೆ ಬೀಗ ಬೇಡ.

ಚಾಲಕರು ಆಡದ ಮಾತನ್ನೆಲ್ಲ ಕ್ಯಾಂಪಿಂಗ್ ಮೈದಾನದಲ್ಲಿ ಕೇಳಬಹುದು. ಅಲ್ಲಿ ಡೆನ್ಮಾರ್ಕಿನವರು ತುಂಬಾ ಜನ. ಅವರ ಟಾಮ್ ಕ್ರಿಸ್ಟೆನ್ಸನ್ ಇಲ್ಲಿ ಒಂಬತ್ತು ಸಲ ಗೆದ್ದವನು, ಆ ದಾಖಲೆ ಇನ್ನೂ ಹಾಗೇ ಇದೆ. ಅವರ ಪಕ್ಕ ಕೂತು ಸುಮ್ನೆ ‘ಬಿಒಪಿ’ ಎಂದರೆ ಸಾಕು, ಸಂಜೆ ಕಳೆಯುತ್ತದೆ.

ನಿಯಮ ಮಾಡುವವರ ಜೊತೆಗಿನ ಜಗಳ ಇಲ್ಲಿ ಹೊಸದಲ್ಲ. ಟ್ರ್ಯಾಕಿನ ನಕಾಶೆಯಲ್ಲೇ ಅದು ಕಾಣುತ್ತದೆ. ಮುಲ್ಸಾನ್ ನೇರ ರಸ್ತೆ ಮೊದಲು ಸುಮಾರು ಆರು ಕಿಲೋಮೀಟರ್ ಎಲ್ಲೂ ತಿರುವಿಲ್ಲದೆ ಇತ್ತು. 1988ರಲ್ಲಿ ಅಲ್ಲಿ ಒಂದು ಕಾರು ಗಂಟೆಗೆ 405 ಕಿಲೋಮೀಟರ್ ಮುಟ್ಟಿತು. ಆಗ ಎಫ್‌ಐಎಯ ಕ್ರೀಡಾ ವಿಭಾಗವಾಗಿದ್ದ ಫಿಸಾ, ಎರಡು ಕಿಲೋಮೀಟರ್‌ಗಿಂತ ಉದ್ದದ ನೇರ ರಸ್ತೆ ಇದ್ದರೆ ಮಾನ್ಯತೆ ಇಲ್ಲ ಎಂದಿತು. 1990ರಲ್ಲಿ ಎರಡು ಕಡೆ ಚಿಕೇನ್, ಅಂದರೆ ವೇಗ ತಗ್ಗಿಸುವ ಅಂಕುಡೊಂಕು ತಿರುವು, ಹಾಕಲಾಯಿತು. ಸುರಕ್ಷತೆಯ ಕಾರಣ ನಿಜವೇ. ಆದರೆ ಅದೇ ಹೊತ್ತಿಗೆ ಎಸಿಒ ಕ್ಲಬ್ಬಿಗೂ ಫಿಸಾಗೂ ಹಕ್ಕುಗಳ ಜಗಳ ನಡೆಯುತ್ತಿತ್ತು. 1989 ಮತ್ತು 1990ರಲ್ಲಿ ಲೆ ಮಾನ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲೇ ಇರಲಿಲ್ಲ. ಆಮೇಲೆ ಫಿಸಾದವರು ಫಾರ್ಮುಲಾ ಒನ್ ಮಾದರಿಯ 3.5 ಲೀಟರ್ ಎಂಜಿನ್ ಕಡ್ಡಾಯ ಮಾಡಲು ಹೊರಟರು. ಖರ್ಚು ತಡೆಯಲಾಗದೆ ತಂಡಗಳು ಬಿಟ್ಟವು. 1992ರಲ್ಲಿ ಇಲ್ಲಿ ಹೊರಟಿದ್ದು ಬರೀ 28 ಕಾರು. ಆ ವರ್ಷಕ್ಕೇ ಚಾಂಪಿಯನ್‌ಶಿಪ್ ಸತ್ತಿತು, ಲೆ ಮಾನ್ ಉಳಿಯಿತು. ಈಗಿನ ವಿಶ್ವ ಎಂಡ್ಯೂರೆನ್ಸ್ ಚಾಂಪಿಯನ್‌ಶಿಪ್ 2012ರಲ್ಲಿ ಎಫ್‌ಐಎ ಮತ್ತು ಎಸಿಒ ಕೈ ಸೇರಿಸಿದ ಮೇಲೆ ಹುಟ್ಟಿದ್ದು. ಅದೇ 2012ರಲ್ಲಿ ಭಾರತದ ಕರುಣ್ ಚಂದೋಕ್ ಇಲ್ಲಿ ಓಡಿಸಿ, ಅವನ ತಂಡ ಆರನೇ ಸ್ಥಾನಕ್ಕೆ ಬಂತು. 2019ರಲ್ಲಿ ನಮ್ಮ ಬೆಂಗಳೂರಿನ ಅರ್ಜುನ್ ಮೈನಿ ಎಲ್‌ಎಂಪಿ2 ಎಂಬ ಎರಡನೇ ಹಂತದ ವರ್ಗದಲ್ಲಿ ಓಡಿಸಿದ. ಈ ವಿಷಯ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿದೆ? ಇದು ನನಗೆ ನಿಜಕ್ಕೂ ಬೇಸರ.

ಎಲ್ಲಿ ನಿಂತು ನೋಡಬೇಕು? ಗ್ರ್ಯಾಂಡ್‌ಸ್ಟ್ಯಾಂಡ್ ಟಿಕೆಟ್ ಬೇಡ ಎನ್ನುತ್ತೇನೆ. ಟ್ರ್ಯಾಕ್ 13.626 ಕಿಲೋಮೀಟರ್, ಒಂದೇ ಕಡೆ ಕೂತರೆ ಏನು ನೋಡಿದಂತಾಯಿತು? ಸಾಮಾನ್ಯ ಟಿಕೆಟ್‌ನಲ್ಲಿ ಡನ್‌ಲಪ್ ಸೇತುವೆಯಿಂದ ಟೆರ್ತ್ರ್ ರೂಜ್ ತಿರುವಿನವರೆಗೆ ನಡೆಯಿರಿ. ಸಂಜೆ ಆರ್ನಾಜ್ ತಿರುವಿಗೆ ಹೋಗಿ. ಇಡೀ ಟ್ರ್ಯಾಕಿನಲ್ಲಿ ಅತಿ ನಿಧಾನದ ತಿರುವು ಅದು. ಬ್ರೇಕ್ ಡಿಸ್ಕ್ ಕೆಂಪಗೆ ಕಾದು ಹೊಳೆಯುವುದು ಕತ್ತಲಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಹತ್ತಕ್ಕೆ, ಆದ್ದರಿಂದ ಹನ್ನೊಂದರ ಮೇಲೆ ನೋಡಿ. ಕಿವಿಗೆ ಇಯರ್‌ಪ್ಲಗ್ ಮರೆಯಬೇಡಿ, ಮಕ್ಕಳಿಗಂತೂ ದಪ್ಪನೆಯ ಹೆಡ್‌ಸೆಟ್ಟೇ ಬೇಕು.

ಚಿಕ್ಕದೊಂದು ಎಫ್‌ಎಂ ರೇಡಿಯೊ ಒಯ್ಯಿರಿ. ಅಷ್ಟು ಜನರ ನಡುವೆ ಮೊಬೈಲ್ ನೆಟ್‌ವರ್ಕ್ ನಂಬುವಂತಿಲ್ಲ. 91.2ರಲ್ಲಿ ಇಂಗ್ಲಿಷ್ ವಿವರಣೆ ಇಪ್ಪತ್ತನಾಲ್ಕು ಗಂಟೆಯೂ ಬರುತ್ತದೆ. ಆ ಮಳೆಯ ರಾತ್ರಿ ನಾಲ್ಕು ಗಂಟೆಗಿಂತ ಜಾಸ್ತಿ ಹೊತ್ತು ಕಾರುಗಳು ಸೇಫ್ಟಿ ಕಾರ್ (ಅಪಾಯದ ಹೊತ್ತಿನಲ್ಲಿ ಎಲ್ಲರನ್ನೂ ನಿಧಾನಿಸಲು ಮುಂದೆ ಓಡುವ ಕಾರು) ಹಿಂದೆ ಮೆಲ್ಲಗೆ ಸಾಗಿದವು. ಬಸ್ಸಿಗೆ ಬೀಗ, ರೇಸ್ ನಿಂತ ಹಾಗೇ. ಧ್ವನಿವರ್ಧಕದಲ್ಲಿ ಬರುತ್ತಿದ್ದ ಫ್ರೆಂಚ್ ನನಗೆ ಅರ್ಥವಾಗಲಿಲ್ಲ. ಪಕ್ಕದವರ ರೇಡಿಯೊಗೆ ಕಿವಿ ಕೊಟ್ಟು ನಿಂತಿದ್ದರಿಂದಲೇ ಏನಾಗುತ್ತಿದೆ ಎಂದು ತಿಳಿದದ್ದು. ಸೇಫ್ಟಿ ಕಾರುಗಳು ಇಲ್ಲಿ ಮೂರು. 2023ರಿಂದ ಮೂರರ ಹಿಂದಿನ ಸಾಲುಗಳನ್ನೂ ಕೊನೆಗೆ ಒಂದೇ ಸಾಲಾಗಿ ಸೇರಿಸುತ್ತಾರೆ. ಗಂಟೆಗಟ್ಟಲೆ ದುಡಿದು ಗಳಿಸಿದ ಮುನ್ನಡೆ ಕರಗಿಹೋಗುತ್ತದೆ. ಕೊನೆಯಲ್ಲಿ ಪೈಪೋಟಿ ಜೋರಾಗಿರುತ್ತದೆ, ಟಿವಿಗೆ ಚೆಂದ. 2024ರಲ್ಲಿ ಒಂಬತ್ತು ಕಾರುಗಳು ಅಷ್ಟೇ ಸಂಖ್ಯೆಯ ಸುತ್ತುಗಳನ್ನು ಮುಗಿಸಿದವು. 50ನೇ ನಂಬರಿನ ಫೆರಾರಿ, ತೆರೆದುಕೊಂಡ ಬಾಗಿಲು ಹಾಕಿಸಿಕೊಳ್ಳಲು ನಡುವೆ ಪಿಟ್‌ಗೆ (ತಂಡದವರು ಕಾರು ಸರಿಪಡಿಸುವ ಜಾಗಕ್ಕೆ) ಬಂದೂ 14 ಸೆಕೆಂಡ್‌ಗಳಲ್ಲಿ ಟೊಯೊಟಾವನ್ನು ಸೋಲಿಸಿತು. ನೋಡುವಾಗ ಮೈ ಜುಮ್ಮೆಂದಿತು, ಅದು ಸತ್ಯ. ಆದರೂ ಮುನ್ನಡೆ ಗಳಿಸಿದವನಿಗೆ ಅದು ಉಳಿಯಬೇಕು ಎಂಬ ಹಳೆಯ ಪದ್ಧತಿಯೇ ನನಗೆ ಇಷ್ಟ.

ಇನ್ನು ಊಟ. ಸಸ್ಯಾಹಾರಿಗಳಿಗೆ ಸರ್ಕ್ಯೂಟ್ ಒಳಗೆ ಹುರಿದ ಆಲೂ ಮತ್ತು ಬ್ರೆಡ್ಡು, ಅದೂ ದುಬಾರಿ. ಆ ಊರಿನ ಹೆಸರಾಂತ ತಿನಿಸು ರಿಯೆತ್, ಅದು ಹಂದಿ ಮಾಂಸದ್ದು, ಗೊತ್ತಿಲ್ಲದೆ ಬ್ರೆಡ್ಡಿಗೆ ಹಚ್ಚಿಕೊಳ್ಳಬೇಡಿ. ಆದರೆ ರೈಲು ನಿಲ್ದಾಣದಿಂದ ಸ್ವಲ್ಪ ನಡೆದರೆ ಒಂದು ಅಡ್ಡರಸ್ತೆಯಲ್ಲಿ ಮೊರೊಕ್ಕೊ ಕುಟುಂಬದ ಪುಟ್ಟ ಹೋಟೆಲ್ ಇದೆ. ಆರೇಳು ಮೇಜು ಅಷ್ಟೇ. ಅಲ್ಲಿ ತರಕಾರಿ ಕೂಸ್‌ಕೂಸ್ ಕೇಳಿ. ಉದುರುದುರಾದ ಉಪ್ಪಿಟ್ಟಿನ ಹಾಗೆ ಕಾಣುವ ಕೂಸ್‌ಕೂಸ್ ಒಂದು ತಟ್ಟೆಯಲ್ಲಿ. ಇನ್ನೊಂದು ಬಟ್ಟಲಲ್ಲಿ ಕಡಲೆಕಾಳು, ಕ್ಯಾರೆಟ್, ನವಿಲುಕೋಸಿನ ರುಚಿಯ ಟರ್ನಿಪ್, ಕುಂಬಳ ಬೇಯಿಸಿದ ಬಿಸಿ ಸಾರು. ಜೊತೆಗೆ ಹರಿಸಾ ಎಂಬ ಕೆಂಪು ಮೆಣಸಿನ ಚಟ್ನಿ. ಅದು ಖಾರ, ನಿಜವಾದ ಖಾರ! ಹನ್ನೆರಡು ಯೂರೊ ಕೊಟ್ಟೆ. ಸಾರು ಮುಗಿದರೆ ಕೇಳದೆಯೇ ಮತ್ತೆ ಹಾಕುತ್ತಾರೆ, ಅದಕ್ಕೆ ಬೇರೆ ದುಡ್ಡಿಲ್ಲ. ಸಾರಿನಲ್ಲಿ ಮಾಂಸದ ನೀರು ಇದೆಯಾ ಎಂದು ಕೇಳಿದ್ದಕ್ಕೆ ಅಡುಗೆಯ ಅಮ್ಮ ಒಳಗೆ ಕರೆದು ಎರಡು ಪಾತ್ರೆ ಬೇರೆ ಬೇರೆ ಇರುವುದನ್ನು ತೋರಿಸಿದರು. ರೇಸ್ ವಾರದಲ್ಲಿ ಊರೆಲ್ಲ ಬೆಲೆ ಏರಿಸಿದ್ದರೂ ಇವರು ಏರಿಸಿರಲಿಲ್ಲ. ಗೋಡೆಯ ಮೇಲಿನ ಹಳೆಯ ದರಪಟ್ಟಿಯೇ ಇತ್ತು. ಊಟದ ಮೇಲೆ ಪುದೀನ ಹಾಕಿದ ಸಿಹಿ ಚಹಾ ಕುಡಿಯಿರಿ. ರೇಸ್ ಮುಗಿದ ಭಾನುವಾರ ಸಂಜೆ, ನೆನೆದು ಒಣಗಿದ ಬಟ್ಟೆಯಲ್ಲೇ ಅಲ್ಲಿ ಹೋಗಿ ಕೂತಾಗ ಮೊದಲು ನೀರು, ಆಮೇಲೆ ಸಾರು ತಂದಿಟ್ಟರು. ಅಷ್ಟು ಆದರ ನನಗೆ ಆ ಪ್ರವಾಸದಲ್ಲಿ ಬೇರೆಲ್ಲೂ ಸಿಗಲಿಲ್ಲ.

ಭಾನುವಾರ ಸಂಜೆಯೇ ಪ್ಯಾರಿಸ್‌ಗೆ ಹೊರಡುವ ಯೋಚನೆ ಬಿಡಿ. ನಾಲ್ಕಕ್ಕೆ ರೇಸ್ ಮುಗಿಯುತ್ತದೆ, ಎಲ್ಲರೂ ಒಂದೇ ಸಲ ಟ್ರಾಮ್ ಕಡೆ ನುಗ್ಗುತ್ತಾರೆ. ವಾಪಸ್ ಬಸ್ಸನ್ನು ನಾವು ಹತ್ತಲೇ ಇಲ್ಲ, ಸೋಮವಾರ ಬೆಳಗಿನ ರೈಲಿಗೆ ಹೊಸ ಟಿಕೆಟ್ ಕೊಂಡೆವು. ನೀವು ಅದನ್ನು ತಿಂಗಳುಗಳ ಮುಂಚೆಯೇ ಕೊಂಡರೆ ಬೆಲೆ ತುಂಬಾ ಕಡಿಮೆ. ಆ ರೈಲಿಗೂ ಮುಂಚೆ ಸಮಯ ಉಳಿದರೆ ಮುಖ್ಯ ದ್ವಾರದ ಪಕ್ಕದ ಮ್ಯೂಸಿಯಂ ನೋಡಿ, ಆದರೆ ಅದು ತೆರೆಯುವ ಗಂಟೆ ಮೊದಲೇ ವಿಚಾರಿಸಿಕೊಳ್ಳಿ.