ಜಾರಿನ ಮ್ಯಾಲಿನ ಬಿಳಿ ಪೊರೆ

ಮುಂಜಾನೆ ದೋಸ್ತ ಒಂದು ಫೋಟೊ ಕಳಿಸಿದ. ಶುಂಠಿ ಬಿಯರ್‌ಗೆ, ಅಂದ್ರ ಶುಂಠಿ-ಸಕ್ಕರೆ ನೀರು ಹುದುಗಿಸಿ ಮಾಡೋ ಗುಳ್ಳೆ ಪಾನಕಕ್ಕ, ಇಟ್ಟ ಜಾರು, ಮ್ಯಾಲೆ ಬಿಳಿ ಪೊರೆ. "ಕೆಟ್ಟೈತೇನಲೇ?"

ತೆಳ್ಳಗೆ, ಸುಕ್ಕು ಸುಕ್ಕಾಗಿ, ಬರೀ ಬಿಳಿ ಇದ್ರ ಅದು ಕಾಡು ಯೀಸ್ಟು. ಚಮಚದಾಗ ತೆಗೆದು ಒಗೀರಿ, ದಿನಕ್ಕೆರಡು ಸಲ ಕಲಕ್ರಿ. ಹಸಿರು, ಕಪ್ಪು ಬೂಸ್ಟು, ಕೂದಲಿನಂಥ ಎಳೆ ಕಂಡ್ರ ಮಾತಿಲ್ಲ, ಪೂರ್ತಿ ಚೆಲ್ಲಬೇಕು.

ಗುಳ್ಳೆ ಏಳವಲ್ದು ಅಂದ್ರ ಮೊದಲು ನಳದ ನೀರು ನೋಡ್ರಿ. ಕ್ಲೋರಿನ್ ಇದ್ರ ಯೀಸ್ಟು ಏಳಂಗಿಲ್ಲ. ಕುದಿಸಿ ಆರಿಸಿ ಹಾಕ್ರಿ. ಶುಂಠಿ ಸಿಪ್ಪೆ ಸಮೇತ ತುರೀರಿ, ಯೀಸ್ಟು ಇರೋದೇ ಅಲ್ಲಿ. ಅರ್ಧ ಲೀಟರ್ ನೀರಿಗೆ ದಿನಾ ಒಂದು ಚಮಚ ಶುಂಠಿ, ಒಂದು ಚಮಚ ಸಕ್ಕರೆ. ಗುಳ್ಳೆ ಏಳಾಕ ಬ್ಯಾರೆ ಕಡೆ ಐದು ದಿನ ಹಿಡೀತೈತಿ. ನಮ್ಮ ರಾಯಚೂರು ಬಿಸಿಲಿಗೆ ಮೂರೇ ದಿನ ಸಾಕಾಗಬಹುದು.

ಜಾರಿನಾಗ ಗುಳ್ಳೆ ಎದ್ದಮ್ಯಾಲೆ ಬಾಟ್ಲಿಗೆ ತುಂಬೋದು; ನಿಜವಾದ ಭಯ ಆ ಬಾಟ್ಲಿದು. ಗಾಜಿಂದು ಬ್ಯಾಡೇ ಬ್ಯಾಡ, ಗ್ಯಾಸ್ ತುಂಬಿದ್ರ ಒಡೀಬಹುದು. ಸೋಡಾದ ಪ್ಲಾಸ್ಟಿಕ್ ಬಾಟ್ಲಿ ತಗೋರಿ, ಮ್ಯಾಲೆ ಮೂರು ಬೆರಳು ಜಾಗ ಬಿಡ್ರಿ. ಬೆರಳಿಂದ ಒತ್ತಿದ್ರ ಒಳಗ ಹೋಗಲಾರದಷ್ಟು ಗಟ್ಟಿ ಆದ ಕೂಡ್ಲೇ ಫ್ರಿಜ್ಜಿಗೆ. ಏಪ್ರಿಲ್-ಮೇದಾಗ ಒಂದೇ ದಿನದಾಗ ಕಲ್ಲಾಗಬಹುದು. ಫ್ರಿಜ್ಜಿನಾಗೂ ಯೀಸ್ಟು ಪೂರ್ತಿ ನಿಲ್ಲಂಗಿಲ್ಲ, ಮುಚ್ಚಳ ನಿಧಾನಕ್ಕ ತಿರುವ್ರಿ. ಜಾರನ್ನ ಅಟ್ಟದ ಮ್ಯಾಲೆ ಇಡಬ್ಯಾಡ್ರಿ. ಫರಸಿ ನೆಲದ ಮ್ಯಾಲೆ, ಹಸಿ ಗೋಣಿತಾಟು ಸುತ್ತಿ.

ಹುದುಗಿದ್ದು ಅಂದಮ್ಯಾಲೆ ಒಂಚೂರು ಆಲ್ಕೋಹಾಲ್ ಇದ್ದೇ ಇರ್ತೈತಿ, ಹುಡುಗ್ರಿಗೆ ಕೊಡಬ್ಯಾಡ್ರಿ.

ದ್ವಾಸಿ ಹಿಟ್ಟು ಉಬ್ಬಲಿಲ್ಲಂದ್ರ ಯಾರೂ ಗಾಬರಿ ಆಗಂಗಿಲ್ಲ. ಈ ಜಾರನ್ನ ಮಾತ್ರ ತಾಸಿಗೊಮ್ಮೆ ತೆರೆದು ನೋಡ್ತಾರ!