ಕರೆಂಟ್ ದರಕ್ಕೆ ಆಕ್ಷೇಪಣೆ ಬರೆಯುವ ಕೆಲಸ

ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕಸುಬು. ಜಿಎಸ್‌ಟಿ, ಸಂಬಳದ ಪಟ್ಟಿಗಳ ಜೊತೆ ಹೆಗಲಿಗೆ ಬಿದ್ದ ಇನ್ನೊಂದು ಕೆಲಸ, ವಿದ್ಯುತ್ ದರ ಏರಿಕೆಯ ಪ್ರಸ್ತಾವ ಬಂದಾಗ ಮಾಲೀಕರ ಪರವಾಗಿ ಆಕ್ಷೇಪಣೆ ಬರೆಯುವುದು.

ನಮ್ಮ ಚಿತ್ರದುರ್ಗ ಜಿಲ್ಲೆ, ಪಕ್ಕದ ದಾವಣಗೆರೆ ಎರಡೂ ವಿದ್ಯುತ್ ಪೂರೈಸುವ ಕಂಪನಿ ಬೆಸ್ಕಾಂನ ವ್ಯಾಪ್ತಿಯವು. ದರ ಏರಿಸುವ ಅಧಿಕಾರ ಬೆಸ್ಕಾಂಗಿಲ್ಲ. ಕಂಪನಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಅರ್ಜಿ ಹಾಕಿ, ಅದನ್ನು ಜನರ ಮುಂದೆ ಪ್ರಕಟಿಸಬೇಕು. ಬಂದ ಸಲಹೆ, ಆಕ್ಷೇಪಣೆಗಳನ್ನು ಪರಿಗಣಿಸಿದ ಮೇಲೆ, ಅರ್ಜಿ ಬಂದ 120 ದಿನದೊಳಗೆ ಆಯೋಗ ಆದೇಶ ಕೊಡಬೇಕೆಂದು 2003ರ ವಿದ್ಯುತ್ ಕಾಯ್ದೆಯ 64ನೇ ಕಲಂ ಹೇಳುತ್ತದೆ.

‘ಎಲ್ಲಾ ನಾಟಕ ಸಾರ್, ಏರಿಸೋದು ಏರಿಸೇ ಏರಿಸ್ತಾರೆ’ ಅನ್ನುವ ಮಾಲೀಕರಿಗೆ ನಾನು ಹಳೆಯ ದರ ಆದೇಶವನ್ನೇ ತೆಗೆದು ತೋರಿಸುತ್ತೇನೆ. ಅದರಲ್ಲಿ ಆಕ್ಷೇಪಣೆ, ಅದಕ್ಕೆ ಕಂಪನಿಯ ಉತ್ತರ, ಆಮೇಲೆ ಆಯೋಗದ ಅಭಿಪ್ರಾಯ ಎಲ್ಲವೂ ದಾಖಲಾಗಿರುತ್ತವೆ. ‘ಬಡವರ ಹೊಟ್ಟೆ ಮೇಲೆ ಹೊಡೆಯಬೇಡಿ’ ಅಂತ ಬರೆದು, ಜೆರಾಕ್ಸ್ ಮಾಡಿಸಿ, ಸಹಿ ಮಾತ್ರ ಬೇರೆ ಬೇರೆ ಹಾಕಿಸಿ ರಾಶಿ ಪತ್ರ ಕಳಿಸಿದರೆ ಕಂಪನಿಗೆ ಒಂದೇ ಸಾಲಿನ ಉತ್ತರ ಸಾಕು: ವಿದ್ಯುತ್ ಖರೀದಿ ವೆಚ್ಚ ಹೆಚ್ಚಾಗಿದೆ. ಮುಗಿಯಿತು.

ನನ್ನ ಪ್ರಕಾರ ಜಗ್ಗಾಡಬೇಕಾದ್ದು ಯೂನಿಟ್ ದರಕ್ಕಿಂತ ಹೆಚ್ಚಾಗಿ ದರಪಟ್ಟಿಯ ಷರತ್ತುಗಳ ಮೇಲೆ. ನಮ್ಮದೇ ನೋಡಿ. ಶೇಂಗಾ ಬರುವ ತಿಂಗಳುಗಳಲ್ಲಿ ಗಾಣಕ್ಕೆ ಬಿಡುವಿಲ್ಲ; ಉಳಿದ ದಿನ ಬೀಗ. ಬೀಗ ಹಾಕಿದ ತಿಂಗಳ ಬಿಲ್ಲಿನಲ್ಲಿ ಯೂನಿಟ್ ಕಾಲಂ ಹೆಚ್ಚುಕಡಿಮೆ ಖಾಲಿ, ನಿಗದಿತ ಶುಲ್ಕ ಮಾತ್ರ ಮಂಜೂರಾದ ಲೋಡಿಗೆ ತಕ್ಕಂತೆ ನಿಂತೇ ಇರುತ್ತದೆ. ಹೀಗೆ ಹಂಗಾಮಿನಲ್ಲಿ ಮಾತ್ರ ಓಡುವ ಉದ್ದಿಮೆಗಳಿಗೆ ದರಪಟ್ಟಿಯಲ್ಲಿ ರಿಯಾಯಿತಿ ಇದೆ, ಆದರೆ ಯಾವ ತಿಂಗಳು ಮಿಲ್ ಓಡುತ್ತದೆ ಎಂದು ಮುಂಚಿತವಾಗಿ ತಿಳಿಸಬೇಕು. ಮಳೆಯೇ ತಡವಾಗಿ, ಬಿತ್ತನೆ ಹಿಂದೆ ಬಿದ್ದರೆ ಆ ತಿಂಗಳನ್ನು ಯಾರು ಹೇಳಬೇಕು? (ಚಳ್ಳಕೆರೆಯ ಮಳೆಯನ್ನು ನಂಬಿ ಬರೆದುಕೊಟ್ಟವನು ಕೆಟ್ಟ.)

ಹಾಗಾಗಿ ನನ್ನ ಪತ್ರದಲ್ಲಿ ಗೋಳು ಇರುವುದಿಲ್ಲ. ಷರತ್ತಿನ ಸಂಖ್ಯೆ, ಒಂದು ಮಿಲ್ಲಿನ ಹನ್ನೆರಡೂ ತಿಂಗಳ ಬಿಲ್ಲು, ಆಮೇಲೆ ಆ ಷರತ್ತಿನ ವಾಕ್ಯದ ಜಾಗದಲ್ಲಿ ಯಾವ ವಾಕ್ಯ ಬರಬೇಕು ಅನ್ನುವುದು. ಈ ಕೊನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ‘ಬೇಡ’ ಅಂದವರಿಗೆ ‘ಆಗುವುದಿಲ್ಲ’ ಅನ್ನುವುದು ಸುಲಭ. ಬದಲಿ ವಾಕ್ಯ ಕೊಟ್ಟರೆ ಯಾಕೆ ಆಗುವುದಿಲ್ಲ ಅಂತ ಕಂಪನಿ ಕಾರಣ ಬರೆಯಬೇಕಾಗುತ್ತದೆ. ಅಫಿಡವಿಟ್ ಜೊತೆಗಿಟ್ಟು ಒಂದು ಪ್ರತಿ ಆಯೋಗಕ್ಕೆ, ಒಂದು ಕಂಪನಿಗೆ. ಆಯೋಗದ ವಿಚಾರಣೆಯಲ್ಲಿ ಮಾತಾಡಲು ಮಿಲ್ ಮಾಲೀಕರನ್ನೇ ಕಳಿಸುತ್ತೇನೆ, ಪ್ರಶ್ನೆ ಬಂದರೆ ಬಿಲ್ಲು ಕಟ್ಟಿದವರೇ ಉತ್ತರಿಸಬೇಕು.

ಆಯೋಗದ 2025ರ ಮಾರ್ಚ್ 27ರ ಆದೇಶದಲ್ಲಿ ಮೂರು ವರ್ಷದ ದರ ಒಟ್ಟಿಗೇ ಬಂತು. ಅಂದಿನಿಂದ ಪ್ರತಿ ಮಿಲ್ಲಿಗೂ ಒಂದೊಂದು ಫೈಲು ಮಾಡಿ, ಬೀಗ ಬಿದ್ದ ತಿಂಗಳ ಬಿಲ್ಲುಗಳನ್ನು ಬೇರೆಯಾಗಿ ಸೇರಿಸುತ್ತಿದ್ದೇನೆ. ಮುಂದಿನ ದರ ಏರಿಕೆಯ ನೋಟಿಸ್ ಬಂದ ಮೇಲೆ ಕೇಳಿದರೆ ಮಾಲೀಕರ ಹತ್ತಿರ ಸಿಗುವುದು ಅರ್ಧ ಬಿಲ್ಲು ಮಾತ್ರ.